ಫೋನ್ ತಲೆದಿಂಬಿನ ಪಕ್ಕ ಇರಲಿ, ಪುಟ್ಟೀ

ಪುಟ್ಟೀ,

ನಿನ್ನ ಕಾಗದ ಸೋಮವಾರ ಬಂತು. ನಡುವೆ ಒಂದು ಮಾತು ಬರೆದಿದ್ದೀಯಲ್ಲ, ‘ಶುಗರ್ ನೋಡೋ ಸೆನ್ಸರ್ ಹಾಕಿದ ತೋಳು ನೋಯುತ್ತೆ. ಆ ಮಗ್ಗುಲಿಗೆ ಮಲಗಿದರೆ ಶುಗರ್ ಲೋ ಅಂತ ಫೋನ್ ಸುಮ್ನೆ ಕೂಗುತ್ತೆ. ಅದಕ್ಕೆ ಫೋನನ್ನು ಅಡುಗೆಮನೆಯಲ್ಲಿಟ್ಟು ಮಲಗ್ತೀನಿ’ ಅಂತ. ಅಲ್ಲಿಂದ ಮುಂದೆ ಏನು ಓದಿದೆನೋ ನನಗೇ ನೆನಪಿಲ್ಲ.

ನೋವು ಸುಳ್ಳು ಅಂತ ನಾನು ಹೇಳುವುದಿಲ್ಲ. ಹೋದ ವರ್ಷ ನನಗೂ 14 ದಿನಕ್ಕೆ ಹಾಕಿದ್ದರು. ಒಳಗೆ ಹೋಗುವುದು ಅರ್ಧ ಸೆಂಟಿಮೀಟರಿನ ಎಳೆ ಅಷ್ಟೇ. ಆದರೂ ರವಿಕೆ ಬಿಚ್ಚುವಾಗ ತೋಳು ಸಿಕ್ಕಿಕೊಂಡರೆ ಜೀವ ಹೋದಂತಾಗುತ್ತಿತ್ತು. ಬಚ್ಚಲಮನೆ ಬಾಗಿಲಿಗೆ ಬೇರೆ ಒಮ್ಮೆ ತಗುಲಿಸಿಕೊಂಡೆ. ಮುಂದಿನ ಸಲ ಇನ್ನೊಂದು ತೋಳಿಗೆ ಹಾಕಿಸು, ಹಿಂಭಾಗದಲ್ಲಿ, ಮೆತ್ತಗಿರುವ ಕಡೆ. ಇದೆಲ್ಲ ನಿನಗೆ ಆಗಲೇ ಯಾರೋ ಹೇಳಿರುತ್ತಾರೆ ಬಿಡು.

ಕೂಗುವುದು ಸುಳ್ಳೂ ಇರಬಹುದು. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ನೀರನ್ನು. ಮೈಭಾರ ಬಿದ್ದು ಆ ಜಾಗ ಅದುಮಿದರೆ ಲೆಕ್ಕ ಕಮ್ಮಿ ತೋರಿಸುತ್ತದೆ. ಆದರೆ ನೀನು ಇನ್ಸುಲಿನ್ ತಗೊಂಡು ಮಲಗುವವಳು. ಯಾವ ಕೂಗು ಸುಳ್ಳು, ಯಾವುದು ನಿಜ ಅಂತ ಅಡುಗೆಮನೆಯಲ್ಲಿ ಕೂತ ಫೋನ್ ನಿನಗೆ ಹೇಗೆ ಹೇಳೀತು?

ನಿನ್ನ ದೊಡ್ಡಪ್ಪನ ಕಾಲದಲ್ಲಿ ಮನೆಯಲ್ಲಿದ್ದದ್ದು ಒಂದು ಗಾಜಿನ ನಳಿಕೆ, ಒಂದು ಬಾಟಲಿ ನೀಲಿ ಔಷಧಿ. ನಳಿಕೆಗೆ ಒಂದಿಷ್ಟು ಔಷಧಿ ಸುರಿದು, ಎಂಟು ಹನಿ ಮೂತ್ರ ಹಾಕಿ ಕಾಯಿಸಬೇಕು. ಇಟ್ಟಿಗೆ ಬಣ್ಣ ಬಂದರೆ ಸಕ್ಕರೆ ಜಾಸ್ತಿ. ನೀಲಿಯಾಗಿಯೇ ಉಳಿದರೆ ನಮಗೆ ಹಬ್ಬ. ಸಕ್ಕರೆ ತೀರಾ ಇಳಿದಾಗಲೂ ಅದು ನೀಲಿಯೇ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಲಿಲ್ಲ.

ಆ ರಾತ್ರಿಯೂ ನೀಲಿಯೇ ಇತ್ತು. ನಡುರಾತ್ರಿ ನನಗೆ ಎಚ್ಚರವಾದಾಗ ಅವರ ದಿಂಬು ಒದ್ದೆಯಾಗಿತ್ತು. ಕತ್ತು, ಬನಿಯನ್ ಎಲ್ಲ ತಣ್ಣಗೆ ಬೆವರು. ಕರೆಂಟ್ ಹೋಗಿತ್ತು, ಸೆಕೆ ಅಂದುಕೊಂಡೆ. ಅವರ ತಲೆ ಎತ್ತಿ, ದಿಂಬು ಮಗುಚಿ, ಒಣಗಿದ ಕಡೆ ಮೇಲೆ ಮಾಡಿ ಮಲಗಿಸಿದೆ. ಏನೋ ಗೊಣಗಿದರು. ಕನಸು ಅಂದುಕೊಂಡು ನಾನೂ ಮಲಗಿಬಿಟ್ಟೆ. ಬೆಳಗಿನದು ನಿನಗೆ ಗೊತ್ತೇ ಇದೆ.

ಈಗಲೂ ದಿಂಬಿನ ಕವರ್ ಬದಲಾಯಿಸುವಾಗ ಕೈ ಒಂದು ಗಳಿಗೆ ನಿಲ್ಲುತ್ತದೆ. ಅವತ್ತು ಒಂದು ಲೋಟ ಸಕ್ಕರೆ ನೀರು ಕಲಸಿದ್ದರೆ ಅಂತ. ಡಬ್ಬ ಅಲ್ಲೇ ಗೂಡಿನಲ್ಲಿತ್ತು. ನಮ್ಮನ್ನು ಎಬ್ಬಿಸುವುದಕ್ಕೆ ಏನೂ ಇರಲಿಲ್ಲ ಕಣೇ. ನಿನಗೆ ಇದೆ. ನೀನು ಅದನ್ನು ಒಯ್ದು ಒಲೆ ಪಕ್ಕ ಇಡುತ್ತೀಯ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಆ ತೋಳು ಅಡಿಗೆ ಬೀಳದ ಹಾಗೆ ಬೆನ್ನಿಗೊಂದು ದಿಂಬು ಕೊಟ್ಟುಕೊಂಡು ಮಲಗಿ ನೋಡು. ಕೂಗಿದರೆ ಬೆರಳು ಚುಚ್ಚಿ ನೋಡು. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ, ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಚುಚ್ಚು. ಮೈ ನಡುಗುತ್ತಿದ್ದರೆ ಮೊದಲು ಕುಡಿ, ಆಮೇಲೆ ಚುಚ್ಚು. ತೋಳು ಕೆಂಪಗೆ ಊದಿದರೆ, ಗುಳ್ಳೆ ಎದ್ದರೆ ಡಾಕ್ಟರಿಗೆ ತೋರಿಸು. ಅದರ ಅಂಟು ಕೆಲವರ ಮೈಗೆ ಒಗ್ಗುವುದಿಲ್ಲ. ನಾನೇನು ಓದಿದವಳಲ್ಲ, ತಪ್ಪಿದ್ದರೆ ಡಾಕ್ಟರು ಹೇಳಿದ್ದೇ ಸರಿ.

ರಾತ್ರಿ ಫೋನ್ ಎಲ್ಲಿಟ್ಟೆ ಅಂತ ಬೆಳಿಗ್ಗೆ ಒಂದು ಮೆಸೇಜ್ ಹಾಕು. ನಾನು ಐದು ಗಂಟೆಗೇ ಎದ್ದಿರುತ್ತೇನೆ.

ನಿನ್ನ ದೊಡ್ಡಮ್ಮ