ಬುದ್, ಬರ್ಹಸ್ಬದಿ, ಸುಗರ್

ಉಲಾನ್‌ಬಾತರ್
18 ಆಗಸ್ಟ್ 2024

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಕೊಟ್ಟಿಗೆ ಸೋರುತ್ತಿದೆ ಎಂದಿದ್ದೆಯಲ್ಲ, ಹೆಂಚು ಹೊದೆಸಿದ್ದಾಯಿತೇ?

"ಊರೂರು ಸುಟ್ಟವರ ದೇಶವಲ್ಲವೇನೇ ಆ ಮಂಗೋಲಿಯಾ?" ಎಂದು ನೀನು ಫೋನಿನಲ್ಲಿ ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಸುಟ್ಟದ್ದು ನಿಜ. 1206ರಲ್ಲಿ ಓನೋನ್ ನದಿಯ ದಂಡೆಯಲ್ಲಿ ಬುಡಕಟ್ಟುಗಳೆಲ್ಲ ಕೂಡಿ ತೆಮುಜಿನ್ ಎಂಬಾತನನ್ನು ಚೆಂಗಿಸ್ ಖಾನ್ ಎಂದು ಒಪ್ಪಿಕೊಂಡವು. 1258ರಲ್ಲಿ ಅವನ ಮೊಮ್ಮಗ ಹುಲೆಗು ಬಾಗ್ದಾದನ್ನು ಹಾಳುಗೆಡವಿದ. ನಾವು ಶಾಲೆಯಲ್ಲಿ ಓದಿದ್ದು ಅಷ್ಟೇ. ನನಗೆ ಈಗ ಅಷ್ಟು ಸಾಲದು ಅನ್ನಿಸುತ್ತದೆ.

ಹೋದ ವಾರ ಕೆಲಸದ ಮೇಲೆ ಹುಲ್ಲುಗಾವಲಿನ ಕಡೆ ಹೋಗಿದ್ದೆ. ಅಲ್ಲಿಯ ಮನೆ ಎಂದರೆ ಗೆರ್. ಮರದ ಚೌಕಟ್ಟಿನ ಮೇಲೆ ಕುರಿ ಉಣ್ಣೆಯ ದಪ್ಪ ಕಂಬಳಿ ಹೊದೆಸಿದ ದುಂಡನೆಯ ಗುಡಾರ. ಬಾಗಿಲು ಯಾವಾಗಲೂ ದಕ್ಷಿಣಕ್ಕೆ. ಹೊಸ್ತಿಲು ತುಳಿಯಬಾರದು, ಒಲೆಗೆ ಕಸ ಹಾಕಬಾರದು. ನಿನ್ನ ಕೈಯಲ್ಲಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ! ಮರವಿಲ್ಲದ ಬಯಲು, ಹಾಗಾಗಿ ಉರಿಸುವುದು ಒಣಗಿದ ಸಗಣಿ; ಅರ್ಗಲ್ ಅನ್ನುತ್ತಾರೆ. ಚಹಾಕ್ಕೆ ಹಾಲು ಹಾಕಿ ಉಪ್ಪು ಹಾಕುತ್ತಾರೆ. ಕುದುರೆ ಹಾಲನ್ನು ಚರ್ಮದ ಚೀಲದಲ್ಲಿ ಹುಳಿ ಬರಿಸಿ ಸಾವಿರಾರು ಸಲ ಕಡೆದರೆ ಐರಗ್. ಸ್ವಲ್ಪ ಅಮಲೂ ಇದೆ, ಬೈಯಬೇಡ, ಒಂದು ಬಟ್ಟಲು ಕುಡಿದೆ. ಬೆಳಿಗ್ಗೆ ಮೊದಲ ಚಹಾ ಮನೆಯವರಿಗಲ್ಲ. ಆ ಮನೆಯ ಅಜ್ಜಿ ಒಂಬತ್ತು ಗುಳಿಗಳ ಮರದ ಸೌಟಿನಲ್ಲಿ ಅದನ್ನು ಆಕಾಶಕ್ಕೆ ಎರಚಿ ಒಳಗೆ ಬಂದರು.

ಈ ಚಳಿಗಾಲದ ಜುದ್‌ನಲ್ಲಿ ಅವರ ಅರ್ಧ ಮಂದೆ ಹೋಯಿತಂತೆ. ಜುದ್ ಎಂದರೆ ಹಿಮ ಗಟ್ಟಿಯಾಗಿ ಹುಲ್ಲು ಬಾಯಿಗೆ ಸಿಗದೆ ದನಕರು ನಿಂತಲ್ಲೇ ಸಾಯುವುದು. ದೇಶದಲ್ಲಿ ಸತ್ತದ್ದು 70 ಲಕ್ಷಕ್ಕೂ ಹೆಚ್ಚು. ನಮ್ಮ ಗೌರಿ ಸತ್ತಾಗ ನೀನು ಎರಡು ದಿನ ಉಣ್ಣಲಿಲ್ಲ. ಅಜ್ಜಿಯ ಮುಂದೆ ನನಗೆ ಮಾತೇ ಹೊರಡಲಿಲ್ಲ.

ಅಲ್ಲಿಂದ ಖರ್ಖೋರಿನ್‌ಗೆ ಹೋದೆವು. ಚೆಂಗಿಸನ ಮಗ ಒಗೆದೈ 1235ರಲ್ಲಿ ಗೋಡೆ ಕಟ್ಟಿಸಿದ ರಾಜಧಾನಿ ಕಾರಾಕೋರಂ ಇದ್ದ ಜಾಗ. ಅದರ ಕಲ್ಲುಗಳಿಂದಲೇ ಆಮೇಲೆ ಎರ್ದೆನೆ ಜೂ ಮಠ ಎದ್ದಿತು. ಸುತ್ತಣ ಗೋಡೆಯ ಮೇಲೆ ಸಾಲು ಸ್ತೂಪಗಳು, 108 ಎನ್ನುತ್ತಾರೆ, ನಿನ್ನ ಜಪಮಣಿಯ ಲೆಕ್ಕ. "ಎರ್ದೆನೆ" ಎಂದರೆ ನಮ್ಮ "ರತ್ನ"ವೇ, ದಾರಿಯಲ್ಲಿ ರೂಪ ಬದಲಿಸಿಕೊಂಡು ಬಂದದ್ದು. ಗ್ರಹಗಳ ಹೆಸರು ಕೇಳು: ಬುದ್, ಸುಗರ್, ಅಂಗಾರಗ್, ಬರ್ಹಸ್ಬದಿ, ಸಂಚಿರ್. ಶನೈಶ್ಚರನೇ ಸಂಚಿರ್! ಹಳೆಯ ಪಂಚಾಂಗದಲ್ಲಿ ವಾರಗಳೂ ಇವೇ, ಮೊದಲಿಗೆ ಆದಿಯ, ಸುಮಿಯ. ಬೌದ್ಧ ಧರ್ಮದ ಜೊತೆ ಬಂದ ಮಾತುಗಳು ಇವು. 1937ರ ಸುಮಾರಿಗೆ ಸರ್ಕಾರವೇ ಸಾವಿರಾರು ಲಾಮಾಗಳನ್ನು ಕೊಂದು ಮಠಗಳನ್ನು ಕೆಡವಿತು. ಮಾತುಗಳು ಮಾತ್ರ ಜನರ ಬಾಯಲ್ಲಿ ಉಳಿದವು.

ಇಲ್ಲಿ ಉಲಾನ್‌ಬಾತರಿನ ಗಂದನ್ ಮಠದಲ್ಲಿ ಒಬ್ಬ ಲಾಮಾ ಸಿಕ್ಕರು. ನಮ್ಮೂರು ಶಿರಸಿ ಎಂದೆ. ಮುಖ ಅರಳಿತು. ಮುಂಡಗೋಡದ ದ್ರೆಪುಂಗ್ ಗೋಮಾಂಗ್ ಎಂಬ ಟಿಬೆಟನ್ ಮಠದಲ್ಲಿ ಓದಿದವರು! ಮಂಗೋಲಿಯಾದ ಸನ್ಯಾಸಿಗಳು ಕಲಿಯಲು ನಮ್ಮ ಪಕ್ಕದ ತಾಲೂಕಿಗೆ ಬರುತ್ತಾರೆ, ನಾವು ಬಸ್ಸಿನಲ್ಲಿ ಕಂಡ ಕೆಂಪು ವಸ್ತ್ರದವರನ್ನೆಲ್ಲ ಟಿಬೆಟಿನವರು ಎಂದುಕೊಂಡೆವು. ಮಳೆಗಾಲದ ಗೋವಿನಜೋಳದ ಹೊಲಗಳನ್ನು ನೆನೆದು ಅವರು ಬಹಳ ಹೊತ್ತು ಮಾತಾಡಿದರು.

ಗೆರ್‌ನಿಂದ ಹೊರಟಾಗ ಆ ಅಜ್ಜಿ ನಮ್ಮ ಜೀಪಿನ ಹಿಂದೆ ಹಾಲು ಎರಚಿದ್ದರು, ದಾರಿ ಬೆಳ್ಳಗಿರಲಿ ಎಂದು. ಒಂದು ಪೊಟ್ಟಣ ಆರೂಲ್ ಕೂಡ ಕೊಟ್ಟರು, ಬಿಸಿಲಿಗೆ ಒಣಗಿಸಿದ ಮೊಸರಿನ ಗಟ್ಟಿ. ಲಾಮಾ ಅಕ್ಟೋಬರಿನಲ್ಲಿ ಮುಂಡಗೋಡಕ್ಕೆ ಹೋಗುತ್ತಾರಂತೆ, ಅವರ ಕೈಯಲ್ಲಿ ಕಳಿಸುತ್ತೇನೆ. ಅಪ್ಪ ಹೋಗಿ ತರಲಿ. ಕಲ್ಲಿನಂತಿರುತ್ತದೆ, ಕಚ್ಚಬೇಡ, ಬಾಯಲ್ಲಿಟ್ಟು ನೆನೆಸಿ ತಿನ್ನು.

ನಿನ್ನ ಮಗಳು