ನಿನ್ನ ಒರಳಿಗೆ ಗುಂಡು ಎಲ್ಲೋ?

ಪ್ರೀತಿಯ ಮಂಜ,

ಹೊಸ ಮನೆಯ ಫೋಟೋ ನೋಡಿದೆ. ಬಾಗಿಲ ಪಕ್ಕ ನಿಮ್ಮಜ್ಜಿಯ ಒರಳುಕಲ್ಲು ಇಟ್ಟು, ನೀರು ತುಂಬಿಸಿ, ಸೇವಂತಿಗೆ ಎಸಳು ತೇಲಿಬಿಟ್ಟಿದ್ದೀಯ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ನೀರು ಒಂದ್ಸಲ ಚೆಲ್ಲಿ ಗುಳಿಯೊಳಗೆ ಕೈಯಾಡಿಸು ಮಾರಾಯ. ಮೇಲೆ ಒರಟು, ಒಳಗೆ ನುಣುಪು. ಅದು ಶಿಲ್ಪಿಯ ಕೆಲಸ ಅಲ್ಲ, ನಿಮ್ಮಜ್ಜಿ, ಅವರತ್ತೆ, ಅವರ ಅತ್ತೆ ಎಲ್ಲ ಸೇರಿ ಉದ್ದು ರುಬ್ಬಿ ರುಬ್ಬಿ ಸವೆಸಿದ್ದು.

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲೂ ಬಂಡೆ ಮೇಲೆ ಹೀಗೇ ಸವೆದ ತೋಡುಗಳಿವೆ, ಕಲ್ಲಿನ ಕೊಡಲಿ ಮಸೆದ ಕಾಲದವು. ನಾಲ್ಕು ಸಾವಿರ ವರ್ಷ ಹಿಂದೆ ಆ ಕಡೆ ಬಾಳಿದವರು ಹುರುಳಿ, ಹೆಸರು, ಕೊರಲೆ ಅನ್ನೋ ಸಿರಿಧಾನ್ಯ ತಿನ್ನುತ್ತಿದ್ದರು. ಅಗೆದಾಗ ಕರಕಲಾದ ಕಾಳುಗಳೇ ಸಿಕ್ಕಿವೆ. ನಾವು ಈಗ ಕೊರಲೆಯನ್ನು ಜಾಸ್ತಿ ದುಡ್ಡು ಕೊಟ್ಟು 'ಆರೋಗ್ಯಕ್ಕೆ' ಅಂತ ತರುತ್ತೇವೆ, ನಗು ಬರುತ್ತದೆ ಅಲ್ವಾ?

ಇನ್ನು ಇಡ್ಲಿ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ' ಅನ್ನೋ ಹಳೆಗನ್ನಡ ಪುಸ್ತಕದಲ್ಲಿ ಅದನ್ನು ಮಾಡುವ ಕ್ರಮ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದು, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸಬೇಕು. ಅಕ್ಕಿಯೇ ಇಲ್ಲ! ಮೆಣಸು ಅಂದರೆ ಕಾಳುಮೆಣಸು ಮತ್ತೆ. ಮೆಣಸಿನಕಾಯಿ ಪೋರ್ಚುಗೀಸರ ಹಡಗಲ್ಲಿ ಬಂದದ್ದು ಅದಾಗಿ ಐನೂರು ವರ್ಷಕ್ಕೆ, ಬಂದು ಮೆಣಸಿನ ಹೆಸರನ್ನೇ ಹೊದ್ದುಕೊಂಡು ಕೂತಿತು. ಒರಳಲ್ಲಿ ಕೆಂಪು ಚಟ್ನಿ ಅರೆಯುವುದು ಅದರ ಲೆಕ್ಕದಲ್ಲಿ ಇತ್ತೀಚಿನ ಶೋಕಿ.

ನಮ್ಮ ಅಟ್ಟದಿಂದಲೂ ಒಂದು ಹಿತ್ತಾಳೆ ತಪ್ಪಲೆ ಇಳಿಸಿದ್ದೆ. ಹುಣಸೆಹಣ್ಣು ಹಾಕಿ ಗಸಗಸ ತಿಕ್ಕಿದೆ, ಹೊರಗೆ ಬಂಗಾರದ ಹಾಗೆ ಹೊಳೆಯಿತು. ಖುಷಿಗೆ ಅದರಲ್ಲೇ ಮಜ್ಜಿಗೆಹುಳಿ ಮಾಡಿಬಿಟ್ಟೆ. ಒಳಗಿನ ಕಲಾಯಿ, ಅಂದರೆ ತವರದ ಲೇಪ, ಹೋಗಿದ್ದು ನೋಡಿರಲಿಲ್ಲ. ಅರ್ಧ ಗಂಟೆಗೆ ಹುಳಿ ಕಿಲುಬಿ, ಅಂಚಿಗೆ ಹಸಿರು ಕಟ್ಟಿ, ಬಾಯಿಗಿಟ್ಟರೆ ನಾಲಿಗೆಯೆಲ್ಲ ಒಗರು. ಅಷ್ಟೂ ಚೆಲ್ಲಿದೆ. ಅಮ್ಮ ಬೈದದ್ದು ಬೇರೆ. ಅವಳು ಚಿಕ್ಕವಳಿದ್ದಾಗ ಕಲಾಯಿಯವನು ಬೀದಿಯಲ್ಲಿ ಗುಳಿ ತೋಡಿ, ತಿದಿ ಒತ್ತಿ ಕೆಂಡ ಮಾಡಿ, ಬಿಸಿ ಪಾತ್ರೆಗೆ ನವಸಾಗರ ಉದುರಿಸಿ, ತವರದ ಕಡ್ಡಿ ತಾಗಿಸಿ ಅರಳೆಯಿಂದ ಒಂದು ಸುತ್ತು ಒರೆಸುತ್ತಿದ್ದನಂತೆ. ತವರ 232 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಬೀದಿ ಕೆಂಡ ಸಾಕು. ಬಿಳಿ ಹೊಗೆ ಎದ್ದು, ಅದು ಕರಗುವಷ್ಟರಲ್ಲಿ ಹಳದಿ ಪಾತ್ರೆ ಒಳಗೆ ಬೆಳ್ಳಿ. ಸ್ಟೀಲು ಬಂತು, ಅವನು ಬರುವುದು ನಿಂತಿತು.

ಅದೇ ಅಟ್ಟದಲ್ಲಿ ಸೇರು, ಪಾವು ಕೂಡ ಸಿಕ್ಕವು. ನಾಲ್ಕು ಪಾವಿಗೆ ಒಂದು ಸೇರು. ಕಿಲೋ ಲೆಕ್ಕ 1958ರಿಂದ ಶುರುವಾಗಿ 1962ಕ್ಕೆ ಕಡ್ಡಾಯವಾಯಿತು, ನಮ್ಮಮ್ಮನಿಗೆ ಮಾತ್ರ ಇನ್ನೂ ಯಾರೂ ಹೇಳಿಲ್ಲ. ಈಗಲೂ ಪಾವು ಅಕ್ಕಿಗೆ ಎರಡೂವರೆ ಪಾವು ನೀರು, ಅದೂ ಕುಕ್ಕರಿಗೆ.

ಹ್ಞಾಂ, ಮರೆತೆ. ನಿನ್ನ ಫೋಟೋದಲ್ಲಿ ಒರಳಿದೆ, ರುಬ್ಬೋ ಗುಂಡು ಇಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿಗೆ ಒತ್ತು ಕೊಟ್ಟಿರುತ್ತಾರೆ, ನಮ್ಮನೆಯದ್ದು ಅಲ್ಲೇ ಸಿಕ್ಕಿದ್ದು. ಊರಿಗೆ ಫೋನ್ ಮಾಡಿ ನಿಮ್ಮತ್ತೆಯನ್ನು ಕೇಳು. ಸಿಕ್ಕರೆ ಹೇಳು, ಒಂದು ಪಾವು ಉದ್ದು ನೆನೆಹಾಕಿಕೊಂಡೇ ಬರುತ್ತೇನೆ.

ನಿನ್ನ,
ಅಟ್ಟ ಹತ್ತಿದವನು