ಕ್ಯಾರವಾನ್ ಇನ್ವರ್ಟರ್ ಕೂಗಿಕೊಂಡರೆ ಮೊದಲು ವೈರ್ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕ್ಯಾರವಾನ್ (ಒಳಗೇ ಮಲಗಲು, ಅಡುಗೆ ಮಾಡಲು ಜಾಗ ಇರುವ ಗಾಡಿ) ಪ್ರವಾಸದ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು, ಫೋಟೋಗಳೂ ಚೆನ್ನಾಗಿದ್ದವು. ಆದರೆ ಕರೆಂಟಿನ ವಿಷಯಕ್ಕೆ ಸಿಕ್ಕಿದ್ದು ಒಂದೇ ಸಾಲು. ಇನ್ವರ್ಟರ್ ಇದೆ, ಮನೆಯಲ್ಲಿದ್ದ ಹಾಗೇ ಇರಬಹುದು ಅಂತ. ನಾನು ಹಾಸನದಲ್ಲಿ ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಟೆಂಪೊ ಟ್ರಾವೆಲರನ್ನೋ ಹಳೇ ಮಿನಿ ಬಸ್ಸನ್ನೋ ಕ್ಯಾರವಾನ್ ಮಾಡಿಸಿಕೊಂಡು ಸಕಲೇಶಪುರ, ಚಿಕ್ಕಮಗಳೂರು ಕಡೆ ಹೊರಟವರು ದಾರಿಯಲ್ಲಿ ನಮ್ಮಂಥವರ ಹತ್ತಿರ ನಿಲ್ಲಿಸುತ್ತಾರೆ. ಇಳಿಯುವಾಗಲೇ ಹೇಳುವ ಮಾತು, "ಇನ್ವರ್ಟರ್ ಹೋಯ್ತು, ಬೇರೆ ಹಾಕಿಕೊಡಿ."

ಎಷ್ಟೋ ಸಲ ಇನ್ವರ್ಟರಿಗೆ ಏನೂ ಆಗಿರುವುದಿಲ್ಲ. ಬ್ಯಾಟರಿಯಿಂದ ಅಲ್ಲಿಗೆ ಹೋಗುವ ವೈರಿನಲ್ಲೇ ತೊಂದರೆ. ಹೊಸ ಪೆಟ್ಟಿಗೆ ತಂದು ಅದೇ ವೈರಿಗೆ ಸಿಕ್ಕಿಸಿದರೆ ಅದೂ ಬೀಪ್ ಬೀಪ್ ಅನ್ನುತ್ತದೆ.

ಲೆಕ್ಕ ಸುಲಭ. ಮನೆಯ 230 ವೋಲ್ಟಿನಲ್ಲಿ 1000 ವ್ಯಾಟಿಗೆ ನಾಲ್ಕೂವರೆ ಆಂಪಿಯರ್ ಸಾಕು. ಗಾಡಿಯ ಬ್ಯಾಟರಿ 12 ವೋಲ್ಟ್, ಅಲ್ಲಿ ಅದೇ ಕೆಲಸಕ್ಕೆ ಇನ್ವರ್ಟರ್ ತಿನ್ನುವ ನಷ್ಟವೂ ಸೇರಿ ಸುಮಾರು 90ರಿಂದ 100 ಆಂಪಿಯರ್ ಬೇಕು. ಇಷ್ಟು ಕರೆಂಟ್ ಹರಿಯುವ ಕಡೆ 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಬೇಕು, ಅದೂ ಎರಡು ಮೀಟರ್ ದಾಟದ ಹಾಗೆ. ಆದರೆ ಮನೆ ವೈರಿಂಗಿಗೆ ತರುವ 6 ಸ್ಕ್ವೇರ್ ವೈರನ್ನೇ ಸೀಟಿನ ಕೆಳಗೆ ಎಳೆದು, ಮೇಲೆ ಚೆಂದದ ಪ್ಲೈವುಡ್ ಹೊಡೆದು ಕೊಟ್ಟಿರುತ್ತಾರೆ. ನಮ್ಮ ಕಡೆ ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬೋರ್‌ವೆಲ್ಲಿಗೆ ದೂರದಿಂದ ತೆಳು ಕೇಬಲ್ ಎಳೆದರೆ ಮೋಟರ್ ಗುಂಯ್ ಅನ್ನುತ್ತದೆಯೇ ಹೊರತು ನೀರೆತ್ತುವುದಿಲ್ಲ, ಅಲ್ವಾ?

ಪತ್ತೆ ಮಾಡಲು ಒಂದು ಮಲ್ಟಿಮೀಟರ್ ಸಾಕು. ಮಿಕ್ಸಿಯನ್ನೋ ಕೆಟಲನ್ನೋ ಹಾಕಿ ಲೋಡ್ ಕೊಡಿ, ಲೋಡ್ ಇಲ್ಲದೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಾಗೇ ಓಡುತ್ತಿರುವಾಗ ಮೊದಲು ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ ಎಷ್ಟು ವೋಲ್ಟ್ ಇದೆ ನೋಡಿ, ತಕ್ಷಣ ಇನ್ವರ್ಟರಿನ ಬ್ಯಾಟರಿ ಟರ್ಮಿನಲ್ ಮೇಲೆ ನೋಡಿ. ಅಲ್ಲಿ 12.1, ಇಲ್ಲಿ 10.8 ಬಂತು ಅಂದರೆ 1.3 ವೋಲ್ಟ್ ನಡುವೆಯೇ ಕಳೆದುಹೋಗಿದೆ. ಸಾಮಾನ್ಯವಾಗಿ 10.5ರ ಆಸುಪಾಸಿಗೆ ಇಳಿದರೆ ಇನ್ವರ್ಟರ್ ತಾನೇ ಕಟ್ ಮಾಡಿಕೊಳ್ಳುತ್ತದೆ, ಹಾಗೆ ಮಾಡಲೆಂದೇ ಅದನ್ನು ತಯಾರಿಸಿರುತ್ತಾರೆ. ಹೆದರಿಕೆಯ ವಿಷಯ ಬೇರೆಯೇ ಇದೆ. 100 ಆಂಪಿಯರಿನಲ್ಲಿ 1.3 ವೋಲ್ಟ್ ಬಿದ್ದರೆ 130 ವ್ಯಾಟ್ ಶಾಖ ಆ ವೈರಿನಲ್ಲೋ, ವೈರಿನ ತುದಿಗೆ ಒತ್ತಿ ಕೂರಿಸಿದ ಸಡಿಲ ಥಿಂಬಲ್ಲಿನಲ್ಲೋ, ಫ್ಯೂಸ್ ಹೋಲ್ಡರಿನಲ್ಲೋ ಹುಟ್ಟುತ್ತಿರುತ್ತದೆ. ಪಕ್ಕದಲ್ಲಿ ಫೋಮ್, ಮೇಲೆ ಹಾಸಿಗೆ, ಅದರ ಮೇಲೆ ಮಕ್ಕಳು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಇನ್ವರ್ಟರ್ ಹತ್ತಿರ ಹಾಕಿದರೆ ನಡುವಿನ ವೈರನ್ನು ಕಾಯುವವರು ಯಾರೂ ಇಲ್ಲ.

ಇನ್ನು ಶಿರಾಡಿ ಘಾಟಿಯಂಥ ರಸ್ತೆ ಹತ್ತಿಳಿದ ಗಾಡಿಯಲ್ಲಿ ನಟ್ಟು ಸಡಿಲ ಆಗುವುದು ಮಾಮೂಲಿ. ಲೋಡ್ ತೆಗೆದು ಟರ್ಮಿನಲ್ ಹತ್ತಿರ ಕೈ ಒಡ್ಡಿ ನೋಡಿ. ಬಿಸಿ ಬರುತ್ತಿದೆಯಾ, ಅಲ್ಲೇ ಕಾಯಿಲೆ.

ಎರಡೂ ಕಡೆ ವೋಲ್ಟೇಜ್ ಒಂದೇ ಸಮ ಕುಸಿದರೆ ಆಗ ಬ್ಯಾಟರಿಯನ್ನು ಅನುಮಾನಿಸಿ. ಸೀಸದ ಬ್ಯಾಟರಿ ತುಂಬಿದ್ದರೆ, ಏನೂ ಓಡಿಸದೆ ಕೆಲವು ಗಂಟೆ ಬಿಟ್ಟ ಮೇಲೆ 12.6, 12.7 ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಲಿಥಿಯಂನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಮುಕ್ಕಾಲು ಭಾಗ ಮುಗಿದಿದ್ದರೂ ಮೀಟರ್ 13ರ ಹತ್ತಿರವೇ ನಿಂತಿರುತ್ತದೆ. 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿಯನ್ನು, ಅಂದರೆ ಮನೆ ಇನ್ವರ್ಟರಿಗೆ ಹಾಕುವಂಥ ಸೀಸದ ಬ್ಯಾಟರಿಯನ್ನು, ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂದುಕೊಂಡರೆ ಕೈಗೆ ಸಿಗುವುದು 900 ವ್ಯಾಟ್-ಅವರ್. 2000 ವ್ಯಾಟಿನ ಇಂಡಕ್ಷನ್ ಸ್ಟವ್ ಅದರ ಮೇಲೆ ಅರ್ಧ ಗಂಟೆಯೂ ಓಡುವುದಿಲ್ಲ. ಅಡುಗೆಗೆ ಗ್ಯಾಸ್ ಇಟ್ಟುಕೊಳ್ಳಿ ಅಂದರೆ ಕೆಲವರಿಗೆ ಬೇಜಾರು.

ಇನ್ವರ್ಟರಿನ ಈ ಬ್ಯಾಟರಿ ಬೇರೆ, ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ. ಎಂಜಿನ್ ಓಡುವಾಗ ಇನ್ವರ್ಟರಿನ ಬ್ಯಾಟರಿಗೂ 13.8ರಿಂದ 14.4 ವೋಲ್ಟ್ ಬರಬೇಕು. 2020ರ ಏಪ್ರಿಲ್ ನಂತರ ಬಂದ ಬಿಎಸ್6 (ಹೊಗೆ ನಿಯಮದ) ಗಾಡಿಗಳಲ್ಲಿ ಇಲ್ಲೊಂದು ತಲೆನೋವು ಇದೆ. ಹಲವು ಗಾಡಿಗಳಲ್ಲಿ ಡೈನಮೋ ಎಷ್ಟು ವೋಲ್ಟೇಜ್ ಕೊಡಬೇಕು ಅಂತ ಕಂಪ್ಯೂಟರ್ ನಿರ್ಧರಿಸುತ್ತದೆ, ಎಂಜಿನ್ ಬ್ಯಾಟರಿ ತುಂಬಿತು ಅನಿಸಿದರೆ ವೋಲ್ಟೇಜ್ ಇಳಿಸಿಬಿಡುತ್ತದೆ. ಇನ್ವರ್ಟರಿನ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಅಂಥ ಗಾಡಿಗೆ ಎರಡು ಬ್ಯಾಟರಿ ಜೋಡಿಸಲು ಸುಮ್ನೆ ಒಂದು ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್) ಹಾಕಿದರೆ ಸಾಲದು, ಬಂದ ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಸಿ ತುಂಬುವ ಡಿಸಿ-ಟು-ಡಿಸಿ ಚಾರ್ಜರ್ ಬೇಕು.

ಸ್ವಲ್ಪ ಹೊತ್ತು ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಓಡಿದರೆ ಅದು ಬಿಸಿಯ ಸಮಸ್ಯೆ. ಹಾಸಿಗೆ ಕೆಳಗಿನ ಪೆಟ್ಟಿಗೆಯಲ್ಲಿ ಇನ್ವರ್ಟರಿನ ಫ್ಯಾನಿಗೆ ಕಂಬಳಿ ಒತ್ತಿಕೊಂಡಿರುತ್ತದೆ, ತೆಗೆಯಿರಿ. ಫ್ರಿಜ್ ಶುರುವಾಗುವಾಗ ಮಾತ್ರ ಟ್ರಿಪ್ ಆದರೆ, ಕಂಪ್ರೆಸರ್ ಆ ಕ್ಷಣ ಎಳೆಯುವ ಕರೆಂಟ್ ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಅಂತ ತಿಳಿಯಿರಿ.

ಇನ್ವರ್ಟರ್ ನಿಜವಾಗಿ ಸುಟ್ಟುಹೋಗುವ ಒಂದು ದಾರಿಯನ್ನೂ ಹೇಳಿಬಿಡುತ್ತೇನೆ. ಹೋಂಸ್ಟೇಯಲ್ಲಿ ನಿಲ್ಲಿಸಿ, ಅವರ ಪ್ಲಗ್ಗಿನಿಂದ ವೈರ್ ಎಳೆದು, ಗಾಡಿಯೊಳಗಿನ ಸಾಕೆಟ್ಟಿಗೇ ತಿರುಗಿಸಿ ಕೊಡುತ್ತಾರೆ. ಇನ್ವರ್ಟರ್ ಆನ್ ಇದ್ದರೆ ಎರಡು ಕರೆಂಟೂ ಎದುರುಬದುರಾಗುತ್ತವೆ. ಒಂದು ಸಲಕ್ಕೆ ಒಂದೇ ಕಡೆಯ ಕರೆಂಟ್ ಬಿಡುವ ಚೇಂಜ್‌ಓವರ್ ಸ್ವಿಚ್ ಇಲ್ಲದ ಗಾಡಿಯಲ್ಲಿ ಈ ಕೆಲಸ ಬೇಡವೇ ಬೇಡ. ಬಾಡಿ ಮುಟ್ಟಿದರೆ ಜುಂ ಅಂದರೆ ಅರ್ಥಿಂಗ್ ತಪ್ಪಿದೆ, ಆಗ ಮೀಟರ್ ಹಿಡಿದು ಆಟ ಆಡಬೇಡಿ, ಎಲ್ಲ ಆಫ್ ಮಾಡಿ ತಿಳಿದವರನ್ನು ಕರೆಯಿರಿ. ಬ್ಯಾಟರಿ ಕಡೆಯದು 12 ವೋಲ್ಟ್ ಇರಬಹುದು, ಆಚೆ ಕಡೆ ಬರುವುದು ಮನೆಯದೇ 230. ಅಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಟ್ ಮಾಡುವ ಸ್ವಿಚ್) ಇರಲೇಬೇಕು, ಅದರ ಟೆಸ್ಟ್ ಬಟನ್ ಒತ್ತಿದಾಗ ಬೀಳಬೇಕು.

ನನ್ನ ಸಿಟ್ಟು ಗಾಡಿ ತಯಾರಿಸಿಕೊಡುವವರ ಮೇಲೆ. ಲಕ್ಷಗಟ್ಟಲೆ ತೆಗೆದುಕೊಂಡು ಒಂದು ಹಾಳೆಯ ವೈರಿಂಗ್ ಡ್ರಾಯಿಂಗ್ ಕೊಡುವುದಿಲ್ಲ. ಯಾವ ಫ್ಯೂಸ್ ಎಲ್ಲಿದೆ ಅಂತ ಹುಡುಕಲು ಮಂಚ ಬಿಚ್ಚಬೇಕು, ಕೂಲಿ ಜಾಸ್ತಿ ಅಂತ ಬೈಗುಳ ತಿನ್ನುವವರು ನಾವು. ಹೊಸ ಗಾಡಿ ಮಾಡಿಸುತ್ತಿರುವವರು ಕೊನೆಯ ಕಂತು ಕೊಡುವ ಮುಂಚೆ ಆ ಡ್ರಾಯಿಂಗ್ ಕೇಳಿ, ಕೇಬಲ್ ಎಷ್ಟು ಸ್ಕ್ವೇರ್ ಎಂಎಂ ಅಂತಲೂ ಅದರಲ್ಲಿ ಬರೆಸಿಕೊಳ್ಳಿ.

– ಒಬ್ಬ ಓದುಗ, ಹಾಸನ